ಅಗುಳಿ ಹಾಕಿದ ಬಾಗಿಲನ್ನು ಜಾಕ್ ಸ್ಟೀನ್ ತೆರೆದದ್ದು ಹೇಗೆ?

ಪ್ರಶ್ನೆ: ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕ. 1967ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಸೆಲ್ಟಿಕ್ ಫುಟ್‌ಬಾಲ್ ತಂಡ ಊರ ಸುತ್ತಮುತ್ತಲಿನ ಹುಡುಗರನ್ನೇ ಕಟ್ಟಿಕೊಂಡು ಯುರೋಪಿಯನ್ ಕಪ್ ಗೆದ್ದಿತು ಎಂದು ಓದಿದೆ. ಅದು ಒಂದು ದಿನದ ಅದೃಷ್ಟವೋ, ಮ್ಯಾನೇಜರ್ ಜಾಕ್ ಸ್ಟೀನ್ ಅವರ ಕೆಲಸವೋ? ಅವರು ನಿಜಕ್ಕೂ ಮಾಡಿದ್ದೇನು? ಅಷ್ಟು ದೊಡ್ಡ ಮ್ಯಾನೇಜರ್ ಮತ್ತೆ ಯಾಕೆ ಆ ಕಪ್ ಗೆಲ್ಲಲಿಲ್ಲ, ಲೀಡ್ಸ್ ಕ್ಲಬ್ಬನ್ನು 44 ದಿನಕ್ಕೇ ಯಾಕೆ ಬಿಟ್ಟರು? ಅವರ ವಿಧಾನದಲ್ಲಿ 14–15 ವರ್ಷದ ಮಕ್ಕಳಿಗೆ ಕಲಿಸಬಹುದಾದದ್ದು ಏನಾದರೂ ಇದೆಯೇ?

ಉತ್ತರ: ಅದೃಷ್ಟದ ಮಾತನ್ನು ಮೊದಲು ಮುಗಿಸಿಬಿಡೋಣ. 1966–67ರ ಆ ಒಂದೇ ಋತುವಿನಲ್ಲಿ ಸೆಲ್ಟಿಕ್ ಐದು ಸ್ಪರ್ಧೆಗಳಲ್ಲಿ ಆಡಿತು: ಸ್ಕಾಟಿಷ್ ಲೀಗ್, ಸ್ಕಾಟಿಷ್ ಕಪ್, ಲೀಗ್ ಕಪ್, ಗ್ಲಾಸ್ಗೋ ಕಪ್, ಯುರೋಪಿಯನ್ ಕಪ್. ಐದನ್ನೂ ಗೆದ್ದಿತು. ಅದೃಷ್ಟ ಒಂದು ಸಂಜೆ ಕೈಹಿಡಿಯಬಹುದು, ಹತ್ತು ತಿಂಗಳು ಹಿಡಿಯುವುದಿಲ್ಲ. 1966ರಿಂದ 1974ರವರೆಗೆ ಸಾಲಾಗಿ ಒಂಬತ್ತು ಸಲ ಅದೇ ತಂಡ ಲೀಗ್ ಗೆದ್ದಿತು. ಸ್ಟೀನ್ ಸೆಲ್ಟಿಕ್‌ನಲ್ಲಿದ್ದಾಗ ಬಂದವು ಒಟ್ಟು ಹತ್ತು ಲೀಗ್, ಎಂಟು ಸ್ಕಾಟಿಷ್ ಕಪ್, ಆರು ಲೀಗ್ ಕಪ್ ಮತ್ತು ಒಂದು ಯುರೋಪಿಯನ್ ಕಪ್.

ನೀವು ಓದಿದ ಇನ್ನೊಂದು ಸಂಗತಿಯೂ ನಿಜ. ಲಿಸ್ಬನ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್ ಆಡಿದ ಹನ್ನೊಂದು ಮಂದಿಯೂ ಸೆಲ್ಟಿಕ್ ಮೈದಾನದಿಂದ ಸುಮಾರು 30 ಮೈಲಿಯೊಳಗೆ ಹುಟ್ಟಿದವರು. ಬೆಂಗಳೂರಿಂದ ರಾಮನಗರದಷ್ಟು ದೂರ ಎಂದಿಟ್ಟುಕೊಳ್ಳಿ. ಆದರೆ ಸ್ಟೀನ್ ಆ ಹುಡುಗರನ್ನು ಬೀದಿಯಿಂದ ಆರಿಸಿ ತಂದು ಬೆಳೆಸಿದರು ಎಂಬ ಚಿತ್ರ ಸರಿಯಲ್ಲ. ಬಹುಪಾಲು ಆಟಗಾರರು ಅವರು ಮ್ಯಾನೇಜರ್ ಆಗುವ ಮೊದಲೇ ಕ್ಲಬ್ಬಿನಲ್ಲಿದ್ದರು, ಏನೂ ಗೆಲ್ಲದೆ ಒದ್ದಾಡುತ್ತಿದ್ದರು. ಸೆಲ್ಟಿಕ್ ಪ್ರಮುಖ ಕಪ್ ಎತ್ತಿ ಏಳು ವರ್ಷ ಕಳೆದಿತ್ತು. 1965ರ ಮಾರ್ಚ್‌ನಲ್ಲಿ ಸ್ಟೀನ್ ಬಂದರು, ಏಪ್ರಿಲ್‌ನಲ್ಲಿ ಅದೇ ಹುಡುಗರು ಸ್ಕಾಟಿಷ್ ಕಪ್ ಗೆದ್ದರು. ನಡುವೆ ಬದಲಾದದ್ದೇನು ಎಂಬಲ್ಲೇ ನಿಮ್ಮ ಪ್ರಶ್ನೆಗೆ ಉತ್ತರ ಇದೆ.

ಬದಲಾದ ಮೊದಲ ಸಂಗತಿ ತಂಡ ಆರಿಸುವ ಅಧಿಕಾರ. ಆವರೆಗೆ ಸೆಲ್ಟಿಕ್‌ನಲ್ಲಿ ಯಾರು ಆಡಬೇಕೆಂಬುದರಲ್ಲಿ ಅಧ್ಯಕ್ಷ ರಾಬರ್ಟ್ ಕೆಲ್ಲಿ ಅವರ ಮಾತೇ ನಡೆಯುತ್ತಿತ್ತು. ಆ ಅಧಿಕಾರ ಪೂರ್ತಿ ತನಗೇ ಬರಬೇಕು ಎಂದು ಸ್ಟೀನ್ ಪಟ್ಟು ಹಿಡಿದು ಪಡೆದರು. ಕೇಳಲು ಸಣ್ಣ ವಿಷಯ ಅನಿಸಬಹುದು. ವಾರವಿಡೀ ಒಬ್ಬರು ತರಬೇತಿ ಕೊಟ್ಟು ಶನಿವಾರ ಇನ್ನೊಬ್ಬರು ತಂಡ ಆರಿಸಿದರೆ, ಆಟಗಾರ ಯಾರ ಮಾತು ಕೇಳಬೇಕು? ಎರಡನೆಯದು ತರಬೇತಿಯ ಸ್ವರೂಪ. ಹಿಂದೆ ಮೈದಾನದ ಸುತ್ತ ಓಡಿಸುವುದೇ ಹೆಚ್ಚು, ಚೆಂಡು ಮುಟ್ಟುವುದು ಕಡಿಮೆ. ಸ್ಟೀನ್ ಟ್ರ್ಯಾಕ್‌ಸೂಟ್ ಹಾಕಿ ತಾವೇ ಮೈದಾನಕ್ಕಿಳಿದರು. ಓಟವೂ ಇತ್ತು, ಚೆಂಡಿನ ಜೊತೆ.

ಇದನ್ನೆಲ್ಲ ಅವರು ಎಲ್ಲಿ ಕಲಿತರು ಎಂದು ತಿಳಿದರೆ ಲಿಸ್ಬನ್ ಗೆಲುವು ಅರ್ಥವಾಗುತ್ತದೆ. ಹುಟ್ಟಿದ್ದು 1922ರಲ್ಲಿ, ಲ್ಯಾನರ್ಕ್‌ಷೈರ್‌ನ ಬರ್ನ್‌ಬ್ಯಾಂಕ್ ಎಂಬ ಗಣಿ ಊರಿನಲ್ಲಿ. ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಲೇ ಆಲ್ಬಿಯನ್ ರೋವರ್ಸ್‌ಗೆ ಆಡಿದರು, ಆಮೇಲೆ ವೇಲ್ಸ್‌ನ ಲಾನೆಲ್ಲಿಗೆ ಹೋದರು. 1951ರ ಕೊನೆಯಲ್ಲಿ ಸೆಲ್ಟಿಕ್ ಅವರನ್ನು ಕರೆದದ್ದು ಮೀಸಲು ತಂಡದ ಹುಡುಗರ ಜೊತೆಗಿರಲಿ ಎಂದು. ಮುಖ್ಯ ತಂಡದ ಸೆಂಟರ್ ಹಾಫ್‌ಗಳು (ರಕ್ಷಣೆಯ ನಡುವೆ ನಿಲ್ಲುವವರು) ಗಾಯಗೊಂಡಾಗ ಅವಕಾಶ ಬಂತು, ಬಂದವರು ನಾಯಕರೇ ಆದರು. 1954ರಲ್ಲಿ ಅವರ ನಾಯಕತ್ವದಲ್ಲಿ ಲೀಗ್ ಮತ್ತು ಕಪ್ ಎರಡೂ ಬಂದವು.

ಅದಕ್ಕೂ ಮೊದಲು, 1953ರ ನವೆಂಬರ್‌ನಲ್ಲಿ, ಕೆಲ್ಲಿ ತಮ್ಮ ಆಟಗಾರರನ್ನು ಲಂಡನ್ನಿನ ವೆಂಬ್ಲಿಗೆ ಕರೆದೊಯ್ದಿದ್ದರು. ಅಂದು ಹಂಗೇರಿ ಇಂಗ್ಲೆಂಡನ್ನು 6–3ರಿಂದ ಸೋಲಿಸಿತು. ಹಂಗೇರಿಯ ಸೆಂಟರ್ ಫಾರ್ವರ್ಡ್ ಹಿಡೆಗ್‌ಕುಟಿ ಗೋಲಿನ ಮುಂದೆ ನಿಲ್ಲದೆ ಹಿಂದೆ ಸರಿದು ಮಿಡ್‌ಫೀಲ್ಡ್‌ನಲ್ಲಿ ಆಡಿದರು. ಅವರ ಬೆನ್ನು ಹತ್ತಬೇಕೋ, ಇದ್ದಲ್ಲೇ ಇರಬೇಕೋ ಎಂಬುದು ಇಂಗ್ಲೆಂಡಿನ ಸೆಂಟರ್ ಹಾಫ್‌ಗೆ ಕೊನೆಯವರೆಗೂ ತಿಳಿಯಲಿಲ್ಲ. ಅಂದು ಸ್ಟೀನ್ ಕೂಡ ಸೆಂಟರ್ ಹಾಫ್. ಆ ಗೊಂದಲ ಎಂಥದೆಂದು ಅವರಿಗೆ ಯಾರೂ ವಿವರಿಸಿ ಹೇಳಬೇಕಿರಲಿಲ್ಲ.

ಕಾಲಿನ ಗಾಯದಿಂದ ಆಟ ನಿಂತ ಮೇಲೆ ಸೆಲ್ಟಿಕ್‌ನ ಮೀಸಲು ತಂಡಕ್ಕೆ ತರಬೇತಿ ಕೊಟ್ಟರು. 1960ರ ಮಾರ್ಚ್‌ನಲ್ಲಿ ಡನ್‌ಫರ್ಮ್‌ಲಿನ್‌ಗೆ ಮ್ಯಾನೇಜರ್ ಆಗಿ ಹೋದಾಗ ಆ ಕ್ಲಬ್ಬು ಕೆಳ ದರ್ಜೆಗೆ ಜಾರುವ ಅಂಚಿನಲ್ಲಿತ್ತು. ಮೊದಲ ಆರು ಪಂದ್ಯಗಳನ್ನೂ ಗೆದ್ದು ಉಳಿಯಿತು. ಮರುವರ್ಷ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಸೆಲ್ಟಿಕ್ ಜೊತೆ 0–0, ಮರುಪಂದ್ಯದಲ್ಲಿ 2–0 ಗೆಲುವು. 1962ರಲ್ಲಿ ಸ್ಪೇನ್‌ನ ವೆಲೆನ್ಸಿಯಾ ಎದುರು ಅಲ್ಲಿ 4–0 ಸೋತು ಬಂದು, ತವರಿನಲ್ಲಿ 6–2 ಗೆದ್ದು ಸಮ ಮಾಡಿದರು. ಮೂರನೇ ಪಂದ್ಯದಲ್ಲಿ ಮಾತ್ರ ಕೈ ಜಾರಿತು. 1964ರಲ್ಲಿ ಹಿಬರ್ನಿಯನ್, ಅಲ್ಲಿಂದ ಸೆಲ್ಟಿಕ್.

ಈ ನಡುವೆ 1963ರಲ್ಲಿ ಅವರು ಇಟಲಿಯ ಮಿಲಾನ್‌ಗೆ ಹೋಗಿ ಇಂಟರ್ ತಂಡದ ಮ್ಯಾನೇಜರ್ ಹೆಲೆನಿಯೊ ಹೆರೇರಾ ಅವರ ತರಬೇತಿಯನ್ನು ಹತ್ತಿರದಿಂದ ನೋಡಿ ಬಂದರು. ನಾಲ್ಕು ವರ್ಷದ ನಂತರ ಫೈನಲ್‌ನಲ್ಲಿ ಎದುರಾದವರು ಇದೇ ಹೆರೇರಾ!

1967ರ ಮೇ 25, ಲಿಸ್ಬನ್‌ನ ರಾಷ್ಟ್ರೀಯ ಕ್ರೀಡಾಂಗಣ. ಇಂಟರ್ 1964 ಮತ್ತು 1965ರಲ್ಲಿ ಇದೇ ಕಪ್ ಗೆದ್ದ ತಂಡ. ಅವರ ರಕ್ಷಣೆಯ ಪದ್ಧತಿಗೆ ಇಟಲಿಯಲ್ಲಿ 'ಕತೆನಾಚ್ಚೊ' ಎಂದು ಹೆಸರು. ಬಾಗಿಲಿಗೆ ಹಾಕುವ ಅಗುಳಿ ಎಂದರ್ಥ. ಎದುರಾಳಿಯ ಒಬ್ಬೊಬ್ಬ ಫಾರ್ವರ್ಡ್‌ಗೂ ಒಬ್ಬೊಬ್ಬ ಕಾವಲುಗಾರ, ಅವರೆಲ್ಲರ ಹಿಂದೆ ಯಾರನ್ನೂ ಮಾರ್ಕ್ ಮಾಡದ ಸ್ವೀಪರ್ ಒಬ್ಬ. ಇಂಟರ್‌ನಲ್ಲಿ ಆ ಜಾಗ ನಾಯಕ ಪಿಕ್ಕಿ ಅವರದು. ಮುಂದಿನವನು ತಪ್ಪಿದರೆ ಹಿಂದಿನವನು ಇದ್ದಾನೆ. ಮೊದಲೊಂದು ಗೋಲು ಹೊಡೆದು ಅಗುಳಿ ಹಾಕಿಬಿಟ್ಟರೆ ಪಂದ್ಯ ಮುಗಿದಂತೆ. ಅಂದೂ ಏಳನೇ ನಿಮಿಷಕ್ಕೆ ಪೆನಾಲ್ಟಿ ಸಿಕ್ಕಿತು, ಮಜ್ಜೋಲಾ ಹೊಡೆದರು, 1–0. ಅವರ ಮುಖ್ಯ ಮಿಡ್‌ಫೀಲ್ಡರ್ ಸ್ವಾರೆಸ್ ಗಾಯದಿಂದ ಆಡಲಿಲ್ಲ ಎಂಬುದನ್ನೂ ಹೇಳಬೇಕು, ಅದು ಸೆಲ್ಟಿಕ್‌ಗೆ ಅನುಕೂಲವೇ ಆಯಿತು.

ಈ ಅಗುಳಿಯ ಬಲ ಎಲ್ಲಿದೆಯೋ ದೌರ್ಬಲ್ಯವೂ ಅಲ್ಲೇ ಇದೆ. ಕಾವಲುಗಾರ ಜಾಗ ಕಾಯುವುದಿಲ್ಲ, ಆಳನ್ನು ಕಾಯುತ್ತಾನೆ. ಆಳು ಜಾಗ ಬಿಟ್ಟರೆ ಕಾವಲುಗಾರನೂ ಬಿಡುತ್ತಾನೆ. ಸ್ಟೀನ್ ಹಿಡಿದದ್ದು ಈ ಎಳೆಯನ್ನು. ಬಲ ವಿಂಗರ್ ಜಿಮ್ಮಿ ಜಾನ್‌ಸ್ಟನ್ ಅಂಚು ಬಿಟ್ಟು ಒಳಕ್ಕೆ ಬರುತ್ತಿದ್ದರು. ಮುಂದಿನ ಸಾಲಿನ ಚಾಮರ್ಸ್, ವಾಲೇಸ್ ಗೋಲಿನ ಮುಂದಿನಿಂದ ಪಕ್ಕಕ್ಕೆ, ಹಿಂದಕ್ಕೆ ಸರಿಯುತ್ತಿದ್ದರು. ಅವರ ಹಿಂದೆ ಹೋದ ಕಾವಲುಗಾರರಿಂದ ಎರಡು ಅಂಚುಗಳೂ ಖಾಲಿಯಾದವು. ಆ ಖಾಲಿಯೊಳಗೆ ನುಗ್ಗಿದವರು ಅಂಚು ಕಾಯುವ ರಕ್ಷಕರಾದ ಫುಲ್ ಬ್ಯಾಕ್‌ಗಳು, ಬಲಕ್ಕೆ ಜಿಮ್ ಕ್ರೇಗ್, ಎಡಕ್ಕೆ ಟಾಮಿ ಗೆಮ್ಮೆಲ್. ಫುಲ್ ಬ್ಯಾಕನ್ನು ಯಾರು ಕಾಯಬೇಕು? ಇಂಟರ್‌ನ ಲೆಕ್ಕದಲ್ಲಿ ಆ ಕೆಲಸಕ್ಕೆ ಆಳೇ ಇರಲಿಲ್ಲ.

ಎರಡನೆಯ ಭಾಗ ಇನ್ನೂ ಮುಖ್ಯ, ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಅಂಚಿನಿಂದ ಎತ್ತರದ ಕ್ರಾಸ್ ಹಾಕಿದರೆ ಸ್ವೀಪರ್‌ಗೂ ಗೋಲ್ ಕೀಪರ್‌ಗೂ ಅದು ಊಟಕ್ಕೆ ಕರೆದಂತೆ. ಆದ್ದರಿಂದ ಸೆಲ್ಟಿಕ್ ಚೆಂಡನ್ನು ಗೋಲ್ ಗೆರೆಯ ಹತ್ತಿರಕ್ಕೆ ಒಯ್ದು, ಅಲ್ಲಿಂದ ನೆಲದ ಮೇಲೆ ಹಿಂದಕ್ಕೆ, ಪೆನಾಲ್ಟಿ ಬಾಕ್ಸಿನ ಅಂಚಿಗೆ ತಳ್ಳುತ್ತಿತ್ತು. ಗೋಲಿನತ್ತ ಓಡುತ್ತಿರುವ ರಕ್ಷಕ ತಿರುಗಿ ನಿಲ್ಲಬೇಕು, ಎದುರಿನಿಂದ ಓಡಿ ಬರುವವನು ಹೊಡೆದರೆ ಸಾಕು. 63ನೇ ನಿಮಿಷದ ಗೋಲನ್ನು ವಿಡಿಯೋದಲ್ಲಿ ನಿಲ್ಲಿಸಿ ನಿಲ್ಲಿಸಿ ನೋಡಿ. ಬಲಗಡೆ ಕ್ರೇಗ್‌ಗೆ ಚೆಂಡು ಸಿಗುತ್ತದೆ. ಅವರು ತಕ್ಷಣ ಕೊಡುವುದಿಲ್ಲ, ಒಂದು ಕ್ಷಣ ತಡೆಯುತ್ತಾರೆ. ರಕ್ಷಕರು ಅವರತ್ತ, ಗೋಲಿನತ್ತ ಎಳೆದುಕೊಳ್ಳುತ್ತಾರೆ. ಆಗ ಬಾಕ್ಸಿನ ಅಂಚಿಗೆ ಅಡ್ಡ ಪಾಸ್, ಎಡ ಫುಲ್ ಬ್ಯಾಕ್ ಗೆಮ್ಮೆಲ್ ಓಡಿ ಬಂದ ರಭಸದಲ್ಲೇ ಬಲಗಾಲಿನಿಂದ ಒದೆಯುತ್ತಾರೆ. ಬಲ ಫುಲ್ ಬ್ಯಾಕ್ ಪಾಸ್ ಕೊಟ್ಟು ಎಡ ಫುಲ್ ಬ್ಯಾಕ್ ಗೋಲು ಹೊಡೆದರು ಎಂದರೆ, ಹೊಣೆ ಹೊತ್ತ ಕಾವಲುಗಾರನಿಲ್ಲದ ಇಬ್ಬರೇ ಆ ಗೋಲನ್ನು ಕಟ್ಟಿದರು ಎಂದಾಯಿತು. ಒಬ್ಬ ಫುಲ್ ಬ್ಯಾಕ್ ಮುಂದೆ ಹೋದರೆ ಇನ್ನೊಬ್ಬ ಹಿಂದೆ ನಿಲ್ಲಬೇಕು ಎಂಬುದು ಸ್ಟೀನ್ ಕಟ್ಟಳೆ. ಆ ಗೋಲಿನಲ್ಲಿ ತಾವು ಅದನ್ನು ಮುರಿದೆವು ಎಂದು ಗೆಮ್ಮೆಲ್ ಆಮೇಲೆ ಹೇಳುತ್ತಿದ್ದರು.

ಇನ್ನು ಐದಾರು ನಿಮಿಷ ಉಳಿದಿದ್ದಾಗ ಎರಡನೆಯದು. ಎಡದಿಂದ ಗೆಮ್ಮೆಲ್ ಹಿಂದಕ್ಕೆ ಕೊಟ್ಟ ಚೆಂಡನ್ನು ಮಿಡ್‌ಫೀಲ್ಡರ್ ಮರ್ಡಾಕ್ ಗೋಲಿನತ್ತ ಬಾರಿಸಿದರು, ದಾರಿಯಲ್ಲಿದ್ದ ಚಾಮರ್ಸ್ ಪಾದ ತಾಗಿಸಿ ದಿಕ್ಕು ಬದಲಿಸಿದರು. 2–1. ಅದು ಆಕಸ್ಮಿಕವಾಗಿ ತಾಗಿ ಹೋದ ಚೆಂಡು ಎಂದು ಕೆಲವರು ಬರೆದರು. ತರಬೇತಿಯಲ್ಲಿ ಪದೇ ಪದೇ ಮಾಡಿದ ಚಲನೆ ಅದು ಎಂದು ಚಾಮರ್ಸ್ ಹೇಳಿದ್ದಾರೆ, ನನಗೂ ಅದೇ ಸರಿ ಕಾಣುತ್ತದೆ. ಅದಕ್ಕೆ ಮುಂಚೆ ಆಲ್ಡ್ ಮತ್ತು ಗೆಮ್ಮೆಲ್ ಇಬ್ಬರ ಹೊಡೆತಗಳೂ ಗೋಲಿನ ಮೇಲಿನ ಅಡ್ಡಪಟ್ಟಿಗೆ ಬಡಿದಿದ್ದವು. ಗೋಲ್ ಕೀಪರ್ ಸಾರ್ತಿ ಅಂದು ಅಷ್ಟು ಚೆನ್ನಾಗಿ ಆಡದಿದ್ದರೆ ಅಂತರ ಇನ್ನೂ ದೊಡ್ಡದಾಗುತ್ತಿತ್ತು.

ಆಟಗಾರರನ್ನು ಜೋಡಿಸಿದ ರೀತಿಯನ್ನೂ ಗಮನಿಸಿ. ಗೋಲ್ ಕೀಪರ್ ರಾನಿ ಸಿಂಪ್ಸನ್‌ಗೆ ಆಗ 36 ವರ್ಷ. ಹಿಬರ್ನಿಯನ್‌ನಲ್ಲಿದ್ದಾಗ ಅವರನ್ನು ಸೆಲ್ಟಿಕ್‌ಗೆ ಮಾರಿದ್ದವರು ಸ್ವತಃ ಸ್ಟೀನ್. ಇಲ್ಲಿಗೆ ಬಂದು ಅವರನ್ನೇ ಮೊದಲ ಕೀಪರ್ ಮಾಡಿದರು, ಹಳೆಯ ತೀರ್ಮಾನವನ್ನು ಸಮರ್ಥಿಸುತ್ತ ಕೂರಲಿಲ್ಲ. ವಿಂಗರ್ ಆಗಿದ್ದ ಬರ್ಟಿ ಆಲ್ಡ್ ಅವರನ್ನು ಮರ್ಡಾಕ್ ಜೊತೆ ಮಿಡ್‌ಫೀಲ್ಡ್‌ಗೆ ತಂದರು. 1966ರ ಬೇಸಿಗೆಯ ಉತ್ತರ ಅಮೆರಿಕ ಪ್ರವಾಸ ಇಂಥ ಪ್ರಯೋಗಗಳಿಗೆ ಒದಗಿತು. ಆ ಡಿಸೆಂಬರ್‌ನಲ್ಲಿ ಗೋಲುಗಳ ಸರದಾರ ಜೋ ಮ್ಯಾಕ್‌ಬ್ರೈಡ್ ಮಂಡಿ ಗಾಯದಿಂದ ಹೊರಬಿದ್ದರು. ಅದೇ ತಿಂಗಳು ಹಾರ್ಟ್ಸ್‌ನಿಂದ ವಿಲ್ಲಿ ವಾಲೇಸ್ ಬಂದಿದ್ದರು, ಸೆಮಿಫೈನಲ್‌ನಲ್ಲಿ ಪ್ರಾಗ್‌ನ ಡುಕ್ಲಾ ಎದುರು ಎರಡು ಗೋಲು ಹೊಡೆದರು. ಹೀಗಾಗಿ ಲಿಸ್ಬನ್‌ನ ಹನ್ನೊಂದು ಮಂದಿ ಒಟ್ಟಾಗಿ ಮೊದಲ ಸಲ ಆಡಿದ್ದೇ 1967ರ ಜನವರಿಯಲ್ಲಿ, ಫೈನಲ್‌ಗೆ ನಾಲ್ಕು ತಿಂಗಳು ಮುಂಚೆ.

ಮನುಷ್ಯರನ್ನು ಓದುವ ಬಗೆಗೆ ಒಂದೇ ಉದಾಹರಣೆ ಕೊಡುತ್ತೇನೆ. ಜಾನ್‌ಸ್ಟನ್‌ಗೆ ವಿಮಾನವೆಂದರೆ ಪ್ರಾಣಭಯ. 1968ರ ನವೆಂಬರ್‌ನಲ್ಲಿ ಬೆಲ್‌ಗ್ರೇಡ್‌ನ ರೆಡ್ ಸ್ಟಾರ್ ಎದುರಿನ ತವರು ಪಂದ್ಯ ಅರ್ಧ ಸಮಯಕ್ಕೆ 1–1 ಇತ್ತು. ನಾಲ್ಕು ಗೋಲುಗಳ ಅಂತರದಿಂದ ಗೆದ್ದರೆ ಅಲ್ಲಿನ ಎರಡನೇ ಪಂದ್ಯಕ್ಕೆ ನೀನು ಬೆಲ್‌ಗ್ರೇಡ್‌ಗೆ ಹಾರಬೇಕಿಲ್ಲ ಎಂದು ಸ್ಟೀನ್ ಮಾತು ಕೊಟ್ಟರು. ಜಾನ್‌ಸ್ಟನ್ ತಾವೇ ಎರಡು ಹೊಡೆದು ಉಳಿದವರಿಂದಲೂ ಹೊಡೆಸಿದರು, ಪಂದ್ಯ 5–1ಕ್ಕೆ ಮುಗಿಯಿತು. ಹುಡುಗನ ಹೆದರಿಕೆಯನ್ನು ಹೀಗಳೆಯದೆ ಅದನ್ನೇ ಕೆಲಸಕ್ಕೆ ಹಚ್ಚಿದ್ದು ನೋಡಿ.

ಈಗ ಸೋಲಿನ ಪ್ರಶ್ನೆ. 1970ರಲ್ಲಿ ಸೆಲ್ಟಿಕ್ ಮತ್ತೆ ಫೈನಲ್ ತಲುಪಿತು. ಸೆಮಿಫೈನಲ್‌ನಲ್ಲಿ ಇಂಗ್ಲೆಂಡಿನ ಲೀಡ್ಸ್ ತಂಡವನ್ನು ಎರಡೂ ಪಂದ್ಯಗಳಲ್ಲಿ ಸೋಲಿಸಿತ್ತು, ಗ್ಲಾಸ್ಗೋದ ಹ್ಯಾಂಪ್‌ಡನ್ ಕ್ರೀಡಾಂಗಣದಲ್ಲಿ ಎರಡನೇ ಪಂದ್ಯ ನೋಡಿದವರು 1,36,505 ಮಂದಿ. ಇದೇ ದೊಡ್ಡ ಗೆಲುವು ಎಂದು ಎಲ್ಲರಿಗೂ ಅನಿಸಿತು. ಮೇ 6ರಂದು ಮಿಲಾನ್‌ನಲ್ಲಿ ಎದುರಾದದ್ದು ಡಚ್ ತಂಡ ಫೆಯೆನೂರ್ಡ್, ಮ್ಯಾನೇಜರ್ ಅರ್ನ್‌ಸ್ಟ್ ಹಾಪೆಲ್. ಅವರ ಮಿಡ್‌ಫೀಲ್ಡ್‌ನಲ್ಲಿ ಮೂವರು. ಸ್ಟೀನ್ ಇಳಿಸಿದ್ದು ಮರ್ಡಾಕ್ ಮತ್ತು ಆಲ್ಡ್ ಇಬ್ಬರನ್ನು. ಇಬ್ಬರು ಮೂವರ ಹಿಂದೆ ಓಡಿ ಓಡಿ ದಣಿದರು, ಚೆಂಡು ಕೈಗೆ ಸಿಗಲೇ ಇಲ್ಲ. ಗೆಮ್ಮೆಲ್ ಮೊದಲು ಗೋಲು ಹೊಡೆದರೂ ಎರಡೇ ನಿಮಿಷದಲ್ಲಿ ಸಮವಾಯಿತು, ಹೆಚ್ಚುವರಿ ಸಮಯದ ಕೊನೆಗೆ ಕಿಂಡ್‌ವಾಲ್ ಹೊಡೆದರು. 2–1. ಲಿಸ್ಬನ್‌ನಲ್ಲಿ ಎದುರಾಳಿಯ ಲೆಕ್ಕದಲ್ಲಿ ಇಲ್ಲದ ಆಳನ್ನು ಕಂಡುಹಿಡಿದವರು, ಮಿಲಾನ್‌ನಲ್ಲಿ ಎದುರಾಳಿಯ ಮೂರನೇ ಆಳನ್ನು ತಮ್ಮ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಆಟಗಾರರಲ್ಲಿ ಉದಾಸೀನ ಇತ್ತು ಎಂಬ ವಾದವೂ ಇದೆ. ಇರಬಹುದು, ಆದರೆ ತಂಡ ಇಳಿಸಿದ ರೀತಿಯೇ ಮೊದಲ ತಪ್ಪು ಎಂಬುದು ನನ್ನ ಅಭಿಪ್ರಾಯ.

1975ರ ಜುಲೈನಲ್ಲಿ ಕಾರು ಅಪಘಾತದಲ್ಲಿ ಸ್ಟೀನ್ ಸಾವಿನಂಚಿಗೆ ಹೋಗಿ ಬಂದರು, ಒಂದು ಇಡೀ ಋತು ತಂಡದಿಂದ ದೂರ ಉಳಿದರು. ಮರಳಿ ಬಂದು 1977ರಲ್ಲಿ ಲೀಗ್ ಮತ್ತು ಕಪ್ ಗೆದ್ದುಕೊಟ್ಟರೂ, ಅದೇ ಆಗಸ್ಟ್‌ನಲ್ಲಿ ಕೆನ್ನಿ ಡಾಲ್ಗ್ಲಿಷ್ 4,40,000 ಪೌಂಡ್‌ಗೆ ಲಿವರ್‌ಪೂಲ್‌ಗೆ ಹೋದರು, ಮುಂದಿನ ಋತು ಕುಸಿಯಿತು. 1978ರಲ್ಲಿ ಸ್ಟೀನ್ ಸೆಲ್ಟಿಕ್ ಬಿಟ್ಟು ಲೀಡ್ಸ್‌ಗೆ ಹೋದರು. ಅಲ್ಲಿ 44 ದಿನಕ್ಕೆ ಬಿಟ್ಟದ್ದು ಸೋತು ಅಲ್ಲ. ವಿಶ್ವಕಪ್ಪಿನ ನಿರಾಸೆಯ ನಂತರ ಆ್ಯಲಿ ಮ್ಯಾಕ್‌ಲೌಡ್ ಬಿಟ್ಟಿದ್ದರಿಂದ ಸ್ಕಾಟ್ಲೆಂಡ್ ರಾಷ್ಟ್ರೀಯ ತಂಡದ ಮ್ಯಾನೇಜರ್ ಹುದ್ದೆ ತೆರವಾಗಿತ್ತು, ಕರೆ ಬಂತು, ಹೋದರು. 1982ರ ವಿಶ್ವಕಪ್‌ಗೆ ತಂಡವನ್ನು ಒಯ್ದರು. ನ್ಯೂಜಿಲೆಂಡ್ ಎದುರು 5–2 ಗೆಲುವು, ಬ್ರೆಜಿಲ್ ಎದುರು 4–1 ಸೋಲು, ಸೋವಿಯತ್ ಒಕ್ಕೂಟದ ಜೊತೆ 2–2. ಗೋಲು ವ್ಯತ್ಯಾಸದಲ್ಲಿ ಹೊರಬಿದ್ದರು.

1985ರ ಸೆಪ್ಟೆಂಬರ್ 10, ಕಾರ್ಡಿಫ್. ಮುಂದಿನ ವಿಶ್ವಕಪ್ಪಿನ ಆಸೆ ಉಳಿಯಬೇಕಾದರೆ ವೇಲ್ಸ್ ಎದುರು ಡ್ರಾ ಆದರೂ ಬೇಕು. ಮೊದಲ ಗೋಲು ವೇಲ್ಸ್‌ನದು. ಅರ್ಧ ಸಮಯದಲ್ಲಿ ಗೋಲ್ ಕೀಪರ್ ಜಿಮ್ ಲೇಟನ್ ತಮ್ಮ ಕಾಂಟ್ಯಾಕ್ಟ್ ಲೆನ್ಸ್ ಕಳೆದುಹೋಗಿದೆ ಎಂದರು. ಅವರು ಲೆನ್ಸ್ ಹಾಕುತ್ತಾರೆಂಬುದೇ ಸ್ಟೀನ್‌ಗೂ, ಸಹಾಯಕರಾಗಿದ್ದ ಅಲೆಕ್ಸ್ ಫರ್ಗುಸನ್‌ಗೂ ಗೊತ್ತಿರಲಿಲ್ಲ. ಕೀಪರನ್ನು ಬದಲಿಸಿದರು. ದ್ವಿತೀಯಾರ್ಧದಲ್ಲಿ ಸ್ಟ್ರಾಕನ್ ಬದಲು ಡೇವಿ ಕೂಪರ್ ಅವರನ್ನು ಇಳಿಸಿದರು. ಸುಮಾರು ಹತ್ತು ನಿಮಿಷ ಉಳಿದಾಗ ಸಿಕ್ಕ ಪೆನಾಲ್ಟಿಯನ್ನು ಕೂಪರ್ ಗೋಲಾಗಿಸಿದರು, 1–1. ಪಂದ್ಯ ಮುಗಿಯುವ ಹೊತ್ತಿಗೆ ಸ್ಟೀನ್ ಕುಸಿದು ಬಿದ್ದು, ಕ್ರೀಡಾಂಗಣದ ವೈದ್ಯಕೀಯ ಕೋಣೆಯಲ್ಲೇ ತೀರಿಕೊಂಡರು. 62 ವರ್ಷ. ಆ ತಂಡವನ್ನು ಮೆಕ್ಸಿಕೊ ವಿಶ್ವಕಪ್‌ಗೆ ಮುಟ್ಟಿಸಿದವರು ಫರ್ಗುಸನ್.

ಇನ್ನು ನಿಮ್ಮ ಮಕ್ಕಳ ವಿಷಯ. ಲಿಸ್ಬನ್‌ನ ಆ ಹಿಮ್ಮುಖ ಪಾಸನ್ನು 14–15ರ ಮಕ್ಕಳಿಗೆ ಖಂಡಿತ ಕಲಿಸಬಹುದು. ಅರ್ಧ ಮೈದಾನ, ಒಂದು ಗೋಲು, ಒಬ್ಬ ಕೀಪರ್ ಸಾಕು. ಮಿಡ್‌ಫೀಲ್ಡರನ್ನು ಗೋಲಿನಿಂದ 35 ಮೀಟರ್ ದೂರದಲ್ಲಿ ನಿಲ್ಲಿಸಿ. ವಿಂಗರ್ ಅಂಚಿನ ಗೆರೆಯ ಮೇಲೆ, ಅವನ ಹಿಂದೆ 15 ಮೀಟರ್‌ಗೆ ಫುಲ್ ಬ್ಯಾಕ್, ಬಾಕ್ಸಿನ ಮುಂದೆ ಇಬ್ಬರು ಫಾರ್ವರ್ಡ್‌ಗಳು, ಆಚೆ ಬದಿಯಲ್ಲಿ 25–30 ಮೀಟರ್ ದೂರಕ್ಕೆ ಹೊಡೆಯುವ ಹುಡುಗ. ಮಿಡ್‌ಫೀಲ್ಡರ್ ವಿಂಗರ್‌ಗೆ ಕೊಡುತ್ತಾನೆ. ವಿಂಗರ್ ಎರಡು ಮೂರು ಸಲ ಚೆಂಡು ಮುಟ್ಟುತ್ತ ಒಳಕ್ಕೆ ಬರುತ್ತಾನೆ. ಫುಲ್ ಬ್ಯಾಕ್ ಹೊರಗಿನಿಂದ ಓಡುತ್ತಾನೆ, ಅವನ ದಾರಿಗೆ ಪಾಸ್. ಫಾರ್ವರ್ಡ್‌ಗಳಲ್ಲಿ ಒಬ್ಬ ಹತ್ತಿರದ ಕಂಬಕ್ಕೆ, ಇನ್ನೊಬ್ಬ ದೂರದ ಕಂಬಕ್ಕೆ ಓಡಿ ರಕ್ಷಕರನ್ನು ಎಳೆದೊಯ್ಯುತ್ತಾರೆ. ಫುಲ್ ಬ್ಯಾಕ್ ಗೋಲ್ ಗೆರೆಯ ಸಮೀಪದಿಂದ ಚೆಂಡನ್ನು ನೆಲದ ಮೇಲೆ ಬಾಕ್ಸಿನ ಅಂಚಿಗೆ ಉರುಳಿಸುತ್ತಾನೆ, ಹೊಡೆಯುವವನು ಚೆಂಡನ್ನು ನಿಲ್ಲಿಸದೆ ಒದೆಯುತ್ತಾನೆ. ಮೊದಲ 10 ನಿಮಿಷ ರಕ್ಷಕರಿಲ್ಲದೆ ಮಾಡಿಸಿ. ಆಮೇಲೆ ಆಳಿಗೆ ಆಳು ಕಾಯುವ ಮೂವರನ್ನು, ಕೊನೆಗೆ ಅವರ ಹಿಂದೊಬ್ಬ ಸ್ವೀಪರನ್ನು ಸೇರಿಸಿ. ಒಟ್ಟು 25 ನಿಮಿಷ, ಎರಡೂ ಬದಿಯಿಂದ.

ತಪ್ಪುಗಳು ಹೆಚ್ಚಾಗಿ ಇವೇ ಇರುತ್ತವೆ. ಹೊಡೆಯುವ ಹುಡುಗ ಆತುರಕ್ಕೆ ಬಾಕ್ಸಿನ ಅಂಚಿಗೆ ಮುಂಚೆಯೇ ಬಂದು ನಿಂತುಬಿಡುತ್ತಾನೆ, ನಿಂತವನನ್ನು ಕಾಯುವುದು ಸುಲಭ. ಫುಲ್ ಬ್ಯಾಕ್ ಕೊನೆಯ ಮುಟ್ಟಿಗೆ ಮೊದಲು ತಲೆ ಎತ್ತದಿದ್ದರೆ ಪಾಸ್ ರಕ್ಷಕನ ಕಾಲಿಗೇ ಹೋಗುತ್ತದೆ. ಕೊನೆಯ ಮುಟ್ಟಿಗೆ ಮೊದಲು 'ನೋಡು' ಎಂದು ನೀವೇ ಕೂಗಿ ಅಭ್ಯಾಸ ಮಾಡಿಸಿ. ಫಾರ್ವರ್ಡ್ ಪೆನಾಲ್ಟಿ ಚುಕ್ಕೆಯ ಮೇಲೆ ನಿಂತರೆ ರಕ್ಷಕನೂ ಅಲ್ಲೇ ನಿಲ್ಲುತ್ತಾನೆ, ಹಿಮ್ಮುಖ ಪಾಸಿನ ದಾರಿ ಮುಚ್ಚುತ್ತದೆ. ಚಾಮರ್ಸ್ ಹಾಗೆ ಪಾದ ತಾಗಿಸಲು ಹೊರಟವನು ಆಫ್‌ಸೈಡ್ ಮರೆಯುತ್ತಾನೆ: ಪಾಸ್ ಹಿಂದಕ್ಕೆ ಹೋದ ಕೂಡಲೇ ರಕ್ಷಕರು ಮುಂದಕ್ಕೆ ಓಡುತ್ತಾರೆ, ಅವರ ಜೊತೆ ಇವನೂ ಎರಡು ಹೆಜ್ಜೆ ಹೊರಬರಬೇಕು. ಎಲ್ಲಕ್ಕಿಂತ ದುಬಾರಿ ತಪ್ಪು ಇಬ್ಬರೂ ಫುಲ್ ಬ್ಯಾಕ್‌ಗಳು ಒಟ್ಟಿಗೆ ಮುಂದೆ ಹೋಗುವುದು. ಬಾಯಲ್ಲಿ ಹೇಳಿದರೆ ಮಕ್ಕಳು ಮರೆಯುತ್ತಾರೆ. ಮಧ್ಯಗೆರೆಯ ಮೇಲೆ ಎರಡು ಕೋನ್ ಇಟ್ಟು ಸಣ್ಣ ಗೋಲು ಮಾಡಿ, ಚೆಂಡು ಕಸಿದ ರಕ್ಷಕರು ಅದರಲ್ಲಿ ಹೊಡೆದರೆ ಎರಡು ಗೋಲು ಎಂದು ಲೆಕ್ಕ ಹಾಕಿ. ಮೂರನೇ ದಿನಕ್ಕೆ ಆಚೆ ಬದಿಯ ಫುಲ್ ಬ್ಯಾಕ್ ತಾನಾಗಿಯೇ ಹಿಂದೆ ನಿಂತಿರುತ್ತಾನೆ.